ಚಂದ್ರಿ ಮೂಸಿ ಬಿಟ್ಟ ನೀರು

ತುಬಚಿ, ತಾ॥ ಜಮಖಂಡಿ
೨೦-೪-೧೯೮೭

ಮುದ್ದಿನ ಮಗಳು ತಾರವ್ವನಿಗೆ,

ನಿನ್ನ ಕಾಗದ ತಲುಪಿತು. ವಾಂತಿ ನಿಂತಿತೇ? ಕಾಲು ಬಾತಿವೆ ಎಂದು ಬರೆದಿದ್ದೀ, ದಿಂಬಿನ ಮೇಲಿಟ್ಟು ಮಲಗು. ಬನಹಟ್ಟಿಯ ಮಗ್ಗಗಳ ಸದ್ದಿಗೆ ಹಗಲು ನಿದ್ದೆ ಹತ್ತುವುದಿಲ್ಲವಂತೆ. ಹೊಟ್ಟೆಯೊಳಗಿನ ಕೂಸು ಅದನ್ನೇ ಜೋಗುಳ ಅಂದುಕೊಳ್ಳಲಿ ಬಿಡು. ನಿಮ್ಮಪ್ಪ ನನ್ನ ಮಗ್ಗುಲಲ್ಲೇ ಕೂತು, ಎಲೆ ಅಡಿಕೆ ಹಾಕುತ್ತ, ಅದನ್ನು ಬರೆ ಇದನ್ನು ಬರೆ ಎನ್ನುತ್ತಿದ್ದಾರೆ. ನಾಲ್ಕನೆಯ ಇಯತ್ತೆ ಕಲಿತ ಹೆಂಡತಿ ಸಿಕ್ಕಿದ್ದಾಳೆಂದು ಇಷ್ಟು ಕಾರಕೂನಕಿ ಮಾಡಿಸುವುದೇ!

ನಳದ ನೀರು ಔಷಧಿ ನಾರುತ್ತದೆ, ನಮ್ಮ ಬಾವಿಯ ನೀರು ಕುಡಿಯುವ ಬಯಕೆಯಾಗಿದೆ ಎಂದು ಬರೆದೆಯಲ್ಲ, ಅದನ್ನು ಓದಿ ಹೇಳಿದಾಗಿನಿಂದ ಅವರನ್ನು ಹಿಡಿಯುವವರಿಲ್ಲ. "ನನ್ನ ಮಗಳು ಬಯಕಿಗೆ ಹೋಳಿಗಿ ಕೇಳಿಲ್ಲ, ನಮ್ಮಪ್ಪ ತೋಡಿಸಿದ ಬಾವಿ ನೀರು ಕೇಳ್ಯಾಳ" ಎಂದು ಊರೆಲ್ಲ ಹೇಳಿಕೊಂಡು ಬಂದರು. ಅಮಾವಾಸ್ಯೆ ಕಳೆದ ಸೋಮವಾರ ಕುಬಸಕ್ಕೆ ಸೀರೆ, ಬಳೆ, ಜೊತೆಗೆ ಒಂದು ಕೊಡ ನೀರು ತೆಗೆದುಕೊಂಡು ಬಂದು ನಿನ್ನನ್ನು ಬಾಣಂತನಕ್ಕೆ ಕರೆತರುತ್ತಾರಂತೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂದು ಬರೆ ಎನ್ನುತ್ತಾರೆ. ಬರೆದಿದ್ದೇನೆ.

ದನಗಳ ಸುದ್ದಿ ಛಲೋ ಇಲ್ಲ. ಹೊಳೆಗೆ ಪಂಪು ಕೂಡಿಸಿ ವರ್ಷವಿಡೀ ಕಬ್ಬಿಗೆ ನೀರು ಹಾಯಿಸಿದ ಮೇಲೆ ತಗ್ಗಿನ ಹೊಲ ಸವಳಾಗಿದ್ದು ನಿನಗೆ ಗೊತ್ತೇ ಇದೆ. ಈಗ ಬಾವಿಯ ಸುತ್ತಲೂ ನೆಲ ಸುಣ್ಣ ಬಳಿದ ಹಾಗೆ ಉಪ್ಪು ಕಾರುತ್ತದೆ. ಮಳೆ ಎರಡು ವರ್ಷ ಕೈಕೊಟ್ಟಿತು, ಹೊಳೆ ಶಿವರಾತ್ರಿಗೇ ಹರಿಯುವುದು ಬಿಟ್ಟಿತು. ಹುಲ್ಲಿಲ್ಲ, ಕಬ್ಬಿನ ಸೋಗೆಯೇ ಮೇವು. ಹಣೆಯ ಬಿಳಿ ಬೊಟ್ಟು ನೋಡಿ ನೀನೇ ಚಂದ್ರಿ ಎಂದು ಹೆಸರಿಟ್ಟ ಎಮ್ಮೆ, ಕಲ್ಲುದೋಣಿಗೆ ಸೇದಿ ಹಾಕಿದ ಬಾವಿಯ ನೀರನ್ನು ಮೂಸಿ ಮುಖ ತಿರುಗಿಸುತ್ತಿತ್ತು. ಬಿಸಿಲು ತಡೆಯಲಾರದೆ ಕೊನೆಗೆ ಕುಡಿಯಿತು. ಅದೂ ನೀನೂ ಒಂದೇ ತಿಂಗಳಲ್ಲಿ ಹೆರುತ್ತೀರಿ, ಬಾಣಂತಿಯ ಹಾಲು ತುಪ್ಪಕ್ಕೆ ಚಿಂತೆಯಿಲ್ಲ ಎಂದು ನಿಮ್ಮಪ್ಪ ಹಿಗ್ಗಿದ್ದರು. ಹೋದ ವಾರ ದಿನ ತುಂಬುವ ಮೊದಲೇ ಕಂದು ಹಾಕಿತು. ಕರುವಿನ ಹಣೆಯಲ್ಲೂ ಅದೇ ಬೊಟ್ಟು, ಉಸಿರು ಮಾತ್ರ ಇರಲಿಲ್ಲ. ಚಂದ್ರಿ ಅದನ್ನು ನೆಕ್ಕುತ್ತಲೇ ಇತ್ತು. ನನಗೆ ನೋಡಲಾಗದೆ ಒಳಗೆ ಹೋಗಿ ಅತ್ತುಬಿಟ್ಟೆ. ಯುಗಾದಿಗೆ ಮೊದಲು ಇನ್ನೊಂದು ಎಮ್ಮೆಯೂ ಹೀಗೇ ಮಾಡಿತ್ತು.

ಜಮಖಂಡಿಯಿಂದ ಬಂದ ದನದ ಡಾಕ್ಟರು, "ನೀರು ಬದಲಿ ಮಾಡಿ ನೋಡ್ರಿ" ಅಂದರು. ನಿಮ್ಮಪ್ಪ ಬೆಂಕಿಯಾದರು. "ಮೂರು ತಲಿಮಾರು ಕುಡದ ನೀರ್ರಿ ಇದು. ಎಮ್ಮಿಗೆ ಕೆಟ್ಟ ಕಣ್ಣು ಬಿದ್ದೇತಿ" ಎಂದು ಬಾವಿಕಟ್ಟೆಗೆ ಕಾಯಿ ಒಡೆದು, ಎಲ್ಲರೆದುರು ಒಂದು ತಂಬಿಗೆ ನೀರು ಗಟಗಟನೆ ಕುಡಿದು ತೋರಿಸಿದರು. ಹಟಮಾರಿ ಮನುಷ್ಯ. ಕಾಗದ ಓದಿ ಹೇಳುವಾಗ ಈ ದನದ ಸುದ್ದಿಯನ್ನೆಲ್ಲ ಹಾರಿಸುತ್ತೇನೆ, ಅವರಿಗೇನು ಓದಲು ಬರುತ್ತದೆಯೇ?

ನಿನ್ನ ಅಣ್ಣ ಬಾಳು ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕೊನೆಯ ಗಾಡಿ ಕಬ್ಬು ಕಳಿಸಿ ಬಂದ. ಅತ್ತಿಗೆ ಅನ್ನವ್ವ ಸ್ವಲ್ಪ ಸೊರಗಿದ್ದಾಳೆ. ಅವಳನ್ನು ಕೆಲಸಕ್ಕೆ ಹಚ್ಚಿಲ್ಲ, ಸಗಣಿ ಕಸ ನಾನೇ ಮಾಡುತ್ತೇನೆ.

ನಿಮ್ಮತ್ತೆ ಮಾವನವರಿಗೆ ನಮ್ಮ ಶರಣು, ಅಳಿಯಂದಿರಿಗೆ ಆಶೀರ್ವಾದ. ನಿನ್ನ ಉಡಿ ತುಂಬಿರಲಿ, ನನ್ನವ್ವಾ.

ನಿನ್ನ ಅವ್ವ,
ಲಗಮವ್ವ

ತಾ.ಕ.: ನಿಮ್ಮಪ್ಪ ಮೇವು ತರಲು ಹೋದರು. ಅವರು ಮಗ್ಗುಲಲ್ಲಿದ್ದಾಗ ಈ ಮಾತು ಬರೆಯಲು ಕೈ ಏಳಲಿಲ್ಲ. ತಾರವ್ವಾ, ಬರಬೇಡ. ಚೊಚ್ಚಲ ಬಸುರಿ ಮಗಳಿಗೆ ಹೆತ್ತವ್ವ ಆಡಬಾರದ ಮಾತಿದು, ಆದರೂ ಆಡುತ್ತಿದ್ದೇನೆ. ಅನ್ನವ್ವ ಬರೀ ಸೊರಗಿದ್ದಲ್ಲ. ಆರು ತಿಂಗಳ ಬಸಿರು ಹೋಯಿತು, ಹಿತ್ತಲಲ್ಲಿ ಹೂತೆವು. ಅದಕ್ಕೂ ಕೆಟ್ಟ ಕಣ್ಣೇ ಕಾರಣವಂತೆ. ನಿನಗೆ ತಿಳಿಸಬಾರದೆಂದು ನಿಮ್ಮಪ್ಪ ನನ್ನ ಬಾಯಿ ಕಟ್ಟಿದ್ದಾರೆ. ನೀರಿನದೇ ತಪ್ಪೆಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ಚಂದ್ರಿಯೂ ಅನ್ನವ್ವನೂ ಕುಡಿದದ್ದು ಒಂದೇ ಬಾವಿಯದು. ಈಗ ಅವಳಿಗೆ ಊರ ಬೋರಿನ ನೀರನ್ನು ಕದ್ದು ತರುತ್ತೇನೆ. ನಿಮ್ಮಪ್ಪ ಕರೆದರೆ "ನಮ್ಮತ್ತಿ ಕಳಸೂದಿಲ್ಲ ಅಂತಾರ" ಅನ್ನು. ಕೆಟ್ಟ ಹೆಸರು ಆ ತಾಯಿಗೆ ಬಂದರೆ ಬರಲಿ, ಆಮೇಲೆ ನಾನೇ ಹೋಗಿ ಅವರ ಕಾಲು ಹಿಡಿಯುತ್ತೇನೆ. ನಿಮ್ಮಪ್ಪ ನೀರಿನ ಕೊಡವನ್ನಂತೂ ಹೊತ್ತು ತಂದೇ ತರುತ್ತಾರೆ. ಅವರ ಮನಸ್ಸು ಮುರಿಯಬೇಡ, ಅವರೆದುರು ತುಟಿಗೆ ಹಚ್ಚಿಕೋ, ಸಿಹಿ ಐತಿ ಅಪ್ಪಾ ಅನ್ನು. ನುಂಗಬೇಡ.