ನೂರಾ ಹತ್ತು ಗಂಟು

ತಮ್ಮಾ ಭೀಮರಾಜ,

ನೀನೆಲ್ಲಿದ್ದೀಯೋ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ದೊಡ್ಡಬಳ್ಳಾಪುರದಲ್ಲಿ ಶಾಲೆ ಬಿಟ್ಟು ದಾರಿ ತಪ್ಪುತ್ತಿರುವ ಮಕ್ಕಳಿಗೆ ಬೇಸಿಗೆ ಶಿಬಿರ ನಡೆಸುತ್ತಿದ್ದಾರೆ. ಐದನೇ ಕ್ಲಾಸು ದಾಟದ ನನ್ನನ್ನು ಮಗ್ಗದ ಕೆಲಸ ಕಲಿಸಲು ಕರೆದಿದ್ದಾರೆ.

ನಿನ್ನೆ ಕೀರ್ತನ ಎಂಬ ಹದಿನಾರರ ಹುಡುಗಿ, ಮಗ್ಗದಲ್ಲಿ ನೇಯ್ದು ಮುಗಿದ ಹಾಸಿನ ಉದ್ದನೆಯ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಗಂಟು ಹಾಕುತ್ತಿದ್ದಳು. ನಡುವೆ ಒಂದೇ ಒಂದು ಎಳೆ ಬಿಟ್ಟಿದ್ದಳು. ಅಲ್ಲಿಂದ ಮುಂದಿನ ನೂರಾ ಹತ್ತು ಗಂಟೂ ಪಕ್ಕದ ಎಳೆಗೆ ಬಿದ್ದಿದ್ದವು. ನನಗೆ ರೇಗಿಹೋಯಿತು.

"ಕಣ್ಣೆಲ್ಲಿಟ್ಟಿದ್ದೆ? ಎದ್ದೋಗು ಆಚೆಗೆ!" ಎಂದೆ.

ಇಪ್ಪತ್ತೆರಡು ವರ್ಷದ ಹಿಂದೆ ನಮ್ಮ ಮಗ್ಗದ ಮುಂದೆ, ಇದೇ ತಪ್ಪಿಗೆ, ನಿನಗೂ ಇದನ್ನೇ ಅಂದಿದ್ದೆ. ನೀನು ಎದ್ದು ಹೋದೆ.

ಅವಳು ಏಳಲಿಲ್ಲ. "ಎಲ್ರೂ ಇದೇ ಅಂತಾರೆ ತಾತ. ಎಲ್ಲಿ ತಪ್ಪಿದೆ ತೋರ್ಸಿ, ಆಮೇಲೆ ಎಷ್ಟಾದ್ರೂ ಬೈಕೊಳ್ಳಿ" ಎಂದಳು.

ಪಕ್ಕದಲ್ಲಿ ಕೂತು ತೋರಿಸಿದೆ. ಇಬ್ಬರೂ ಸೇರಿ ಗಂಟುಗಳನ್ನು ಕತ್ತರಿಸಿ ಮತ್ತೆ ಹಾಕಿದೆವು. ಒಂದು ಗಂಟೆಯೂ ಹಿಡಿಯಲಿಲ್ಲ. ಅಷ್ಟೇ ಕೆಲಸ ಕಣೋ ಅದು.

ಹೊರಡುವಾಗ "ನಾಳೆ ಬರ್ತೀಯೇನಮ್ಮ?" ಎಂದು ಕೇಳಿದೆ. ಹಾಗೆ ಯಾರನ್ನೂ ಕೇಳಿದವನಲ್ಲ ನಾನು. "ನೋಡ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಳು.

ಶಿಬಿರ ಶುರುವಾಗುವುದು ಹತ್ತಕ್ಕೆ. ನಾನು ಎಂಟಕ್ಕೇ ಬಂದು ಬಾಗಿಲು ತೆರೆದು, ಇದನ್ನು ಬರೆಯುತ್ತಾ ಕೂತಿದ್ದೇನೆ. ಈಗ ಹತ್ತೂವರೆ. ಉಳಿದ ಮಕ್ಕಳೆಲ್ಲ ಬಂದು, "ಶುರು ಮಾಡಿ ತಾತ" ಅನ್ನುತ್ತಿದ್ದಾರೆ.

ಇನ್ನೈದು ನಿಮಿಷ ತಡೀರಿ ಅಂದಿದ್ದೇನೆ.

ನಿನ್ನ ಅಣ್ಣ,
ಸೊಣ್ಣಪ್ಪ