ಬಸ್ಸಿನ ವೇಳೆಯ ಕೆಳಗೆ ಒಂದು ಸಾಲು

ನವೆಂಬರ್ ೧೩, ಗುರುವಾರ

ಈ ಊರಿನ ಬಸ್ಸುಗಳು ನನ್ನನ್ನು ಕೇಳದೆ ಹೊರಡುವುದಿಲ್ಲ. ಅಂಥ ನಾನೇ ಹೋದ ವರ್ಷ ಸಾರಿಗೆ ಕಚೇರಿಯ ವೆಬ್‌ಸೈಟಿನಿಂದ ಬಸ್ಸಿನ ವೇಳೆಗಳನ್ನು ತೆಗೆದು ಕ್ಯಾಲೆಂಡರು ಅಚ್ಚು ಹಾಕಿಸಿದರೆ, ಮಾರಲು ಒಪ್ಪಿದ್ದ ಅಂಗಡಿಯವರೆಲ್ಲ ಹಿಂದೆ ಸರಿದರು. “ಇದನ್ನ ಮಾರ್ಬಹುದು ಅಂತ ಅವ್ರು ಎಲ್ಲಿ ಬರ್ದಿದಾರೆ ಯಜಮಾನ್ರೇ? ನಾಳೆ ಕೇಸು ಗೀಸು ಆದ್ರೆ?” ಎಲ್ಲಿಯೂ ಬರೆದಿರಲಿಲ್ಲ. ಮಾರಬಾರದು ಎಂದೂ ಬರೆದಿರಲಿಲ್ಲ.

ಇವತ್ತು ಅದೇ ಕಚೇರಿಯಲ್ಲಿರುವ ಅಕ್ಕನ ಮಗಳು ಫೋನು ಮಾಡಿದಳು. “ಮಾವ, ವೆಬ್‌ಸೈಟಲ್ಲಿ ಬಸ್ಸಿನ ವೇಳೆ ಪಟ್ಟಿ ಕೆಳಗೆ ಬರೆಸಿದೀನಿ. ಯಾರು ಬೇಕಾದ್ರೂ ಅಚ್ಚು ಹಾಕಿ ಮಾರ್ಬಹುದು, ನಮ್ಮ ಕಚೇರಿ ಹೆಸರು ಹಾಕಿದ್ರೆ ಸಾಕು. ಇನ್ನು ಎಷ್ಟು ಬೇಕೋ ಅಷ್ಟು ಜಂಬ ಕೊಚ್ಕೊ.”

ಇಷ್ಟೇ ಇಷ್ಟು ಸಾಲು. ಮೊದಲೇ ಹಾಕಿದ್ದರೆ ನನ್ನ ಮಂಚದಡಿ ಮಾರಾಟವಾಗದ ಆ ಕ್ಯಾಲೆಂಡರಿನ ಕಟ್ಟುಗಳು ಇರುತ್ತಿರಲಿಲ್ಲ. ನಾಳೆಯೇ ಪ್ರೆಸ್ಸಿಗೆ ಹೋಗಿ ಹೊಸ ಕ್ಯಾಲೆಂಡರಿನಲ್ಲಿ ಅದನ್ನು ದಪ್ಪಕ್ಷರದಲ್ಲಿ ಹಾಕಿಸುತ್ತೇನೆ. ಹೋದ ವರ್ಷದ ನಷ್ಟ ನಾಲ್ಕು ಸಾವಿರ ಎಂದು ಹೆಂಡತಿಗೆ ಹೇಳಿದ್ದೇನೆ. ನಿಜವಾಗಿ ಮೂವತ್ತೊಂದು ಸಾವಿರ.