ಹಸು ನಡೆದ ದಾರಿ, ತಾವು ತೋಡಿದ ಹಳ್ಳ

ನಮ್ಮ ಬಡಾವಣೆಯ ಚರಂಡಿಗಳಿಗೂ ಗೋಡೆಗಳಿಗೂ ಏಕಕಾಲಕ್ಕೆ ಒಡೆಯರಾದ ಮಾನ್ಯ ಅಧಿಕಾರಿಗಳೇ,

ನಮ್ಮ ಮನೆಗೂ ಪಕ್ಕದ ಮನೆಗೂ ನಡುವಿನ ಕಾಂಪೌಂಡ್ ಗೋಡೆಯಲ್ಲಿ ಒಂದು ಹಸು ದಾಟುವಷ್ಟು ಸಂದಿ ಇದೆ, ಅದು ನಕ್ಷೆಯಲ್ಲಿಲ್ಲ, ಆದ್ದರಿಂದ ಕೂಡಲೇ ಮುಚ್ಚತಕ್ಕದ್ದು ಎಂದು ತಮ್ಮ ಕಚೇರಿ ನಮ್ಮ ಬಾಗಿಲಿಗೆ ನೋಟಿಸ್ ಅಂಟಿಸಿದೆ. ಸಂತೋಷ. ಆದರೆ ನಮ್ಮ ಗೇಟಿನ ಮುಂದೆ ತಮ್ಮದೇ ಕಚೇರಿ ಕೊಳವೆ ಹಾಕಲೆಂದು ತೋಡಿ, ಕೊಳವೆಯನ್ನೂ ಹಾಕದೆ ಬಿಟ್ಟುಹೋದ ಹಳ್ಳವೊಂದಿದೆಯಲ್ಲ, ಅದು ಯಾವ ನಕ್ಷೆಯಲ್ಲಿದೆ? ಹಳ್ಳ ಹಾಗೇ ಇದ್ದು ಗೋಡೆ ಮಾತ್ರ ಮುಚ್ಚಿದರೆ ನಾವು ಮನೆಯಿಂದ ಹೊರಗೆ ಬರುವುದು ಹೇಗೆ? ಹಾರಿಕೊಂಡೇ?

ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ತಮಿಳಿನಲ್ಲಿ ಬರೆಸಿಕೊಟ್ಟ ಅರ್ಜಿಗಳು ಈಗಾಗಲೇ ತಮ್ಮ ಬೀರುವಿನಲ್ಲಿ ವಿಶ್ರಾಂತಿ ಪಡೆಯುತ್ತಿವೆ. ನನ್ನ ಸ್ವಂತ ತಮಿಳು ತರಕಾರಿ ಕೊಳ್ಳುವಷ್ಟು ಬೆಳೆದಿದೆ, ಜಗಳ ಆಡುವಷ್ಟು ಇನ್ನೂ ಬೆಳೆದಿಲ್ಲ.

ನಾವು ತುರುವೇಕೆರೆ ಕಡೆಯವರು. ನನ್ನ ಗಂಡ ಮೋಹನ್ ಹೊಸೂರಿನ ಮೂಕಂಡಪಲ್ಲಿಯ ಕಾರ್ಖಾನೆಯೊಂದರಲ್ಲಿದ್ದಾರೆ, ನಾನು ಅಲ್ಲೇ ಹತ್ತಿರದ ಆಫೀಸಿನಲ್ಲಿ. ಬಾಡಿಗೆ ಮನೆಗಳನ್ನು ಸುತ್ತಿ ಸಾಕಾಗಿ ಕಡೆಗೆ ಇಲ್ಲೊಂದು ಮನೆ ಕೊಂಡೆವು. ಗೃಹಪ್ರವೇಶದ ಹಿಂದಿನ ಸಂಜೆ ತಮ್ಮ ಜೆಸಿಬಿ ಬಂತು. ಬೇಡವೆಂದು ಕೈಮುಗಿದರೆ ಮೇಸ್ತ್ರಿ, "ರೆಂಡೇ ನಾಳ್ ಮಾ" ಎಂದ. ಎರಡೇ ದಿನವಂತೆ. ಆ ಎರಡು ದಿನ ಇನ್ನೂ ಮುಗಿದಿಲ್ಲ, ಮಧ್ಯೆ ಒಂದು ಮಳೆಗಾಲವೇ ಮುಗಿದುಹೋಯಿತು.

ಮನೆಯೊಳಗೆ ಮೊದಲು ಹಸು ಕಾಲಿಡಬೇಕು, ಆಮೇಲೆ ಒಲೆಯ ಮೇಲೆ ಹಾಲುಕ್ಕಬೇಕು, ಇದು ತಮಗೂ ಗೊತ್ತಿರುವ ಪದ್ಧತಿ. ಹಸುವನ್ನು ಕೊಟ್ಟವರು ಪಕ್ಕದ ಮನೆಯ ನಾರಾಯಣಪ್ಪನವರು. ಹಿಂದೆ ಈ ಜಾಗದಲ್ಲೇ ಹೊಲ ಉಳುತ್ತಿದ್ದ, ಈಗಲೂ ಹಿತ್ತಲಲ್ಲಿ ದನ ಕಟ್ಟಿರುವ ಹಳೇ ಕುಳ. ಹಳ್ಳಕ್ಕೆ ಹಲಗೆ ಹಾಕಿ ಕರೆದರೆ ಹಸು ಹಲಗೆ ಮೂಸಿ ಹಿಂದೆ ಸರಿಯಿತು. ತಮ್ಮ ಇಲಾಖೆಯ ಕಾಮಗಾರಿಯ ಗುಣಮಟ್ಟವನ್ನು ಅಷ್ಟು ಬೇಗ ಅರಿತ ಪ್ರಾಣಿ ಇನ್ನೊಂದಿಲ್ಲ. ಆ ಹಲಗೆಯನ್ನೂ ಆಮೇಲೆ ಮಳೆಗಾಲ ಕೊಚ್ಚಿಕೊಂಡು ಹೋಯಿತು.

ನಾವೆಲ್ಲ ಹಸುವನ್ನು ಓಲೈಸುತ್ತಿದ್ದಾಗ ಊರಿನಿಂದ ನನ್ನ ಅತ್ತೆ ರುಕ್ಮಿಣಮ್ಮನವರ ಕಾರು ಬಂತು. ನಮ್ಮ ಗೇಟಿಗೆ ಬರಲಾಗದೆ ಡ್ರೈವರ್ ಅವರನ್ನು ಪಕ್ಕದ ಮನೆಯ ಮುಂದೆ ಇಳಿಸಿದ. ಅತ್ತೆ ನಮ್ಮ ಮನೆಯನ್ನು ಅದುವರೆಗೆ ನೋಡಿಯೇ ಇರಲಿಲ್ಲ. ಅಡುಗೆಯೆಲ್ಲ ಅಲ್ಲೇ ನಡೆಯುತ್ತಿದ್ದುದರಿಂದ ಅಲ್ಲಿ ತೋರಣವಿತ್ತು, ರಂಗೋಲಿಯಿತ್ತು, ಅಂಗಳದ ತುಂಬ ಹಸುವಿನ ಗೊರಸಿನ ಗುರುತೂ ಇತ್ತು. ಹಸು ಆಗಲೇ ಒಳಗೆ ಹೋಗಿದೆ, ಮುಹೂರ್ತ ಮೀರುತ್ತಿದೆ ಎಂದು ಗಾಬರಿಯಾಗಿ, ಬಲಗಾಲಿಟ್ಟು ಒಳಗೆ ನಡೆದು, ಒಲೆಗೆ ಪೂಜೆ ಮಾಡಿ, ಹಾಲಿಟ್ಟು ಉಕ್ಕಿಸಿಯೇಬಿಟ್ಟರು. ಮನೆಯೊಡತಿ, ನಾರಾಯಣಪ್ಪನವರ ಹೆಂಡತಿ ಪಿಳ್ಳಮ್ಮನವರು ಪಕ್ಕದಲ್ಲೇ ನಿಂತು ನೋಡುತ್ತಿದ್ದರಂತೆ. ಯಾಕೆ ತಡೆಯಲಿಲ್ಲ ಎಂದರೆ, "ಹಾಲು ಉಕ್ಕೋ ಹೊತ್ನಾಗೆ ಬ್ಯಾಡ ಅಂತ ಯೆಂಗಮ್ಮ ಅನ್ನಾದು?" ಎಂದರು.

ಮನೆ ತಪ್ಪಿದ್ದು ತಿಳಿದು ಅತ್ತೆ ಅತ್ತೇಬಿಟ್ಟರು. ಪಿಳ್ಳಮ್ಮನವರು ಬೆನ್ನು ಸವರಿ, "ಉಕ್ಕಿದ್ದು ಹಾಲೇ ಅಲ್ವೇನಕ್ಕಾ? ನಮ್ಮನೇಲಿ ಉಕ್ದ್ರೇನು, ನಿಮ್ಮನೇಲಿ ಉಕ್ದ್ರೇನು? ನಡುವ್ಗೆ ಇರಾದು ಒಂದು ಗ್ವಾಡೆ ತಾನೆ!" ಎಂದರು.

ಆ ಮಾತು ನಾರಾಯಣಪ್ಪನವರ ಕಿವಿಗೆ ಬಿತ್ತು. ಹಾರೆ ತಂದವರೇ ಗೋಡೆಗೆ ಹಾಕಿದರು. "ಕಟ್ಸಿದೋನು ನಾನು, ಕೆಡವಾಕೆ ಇನ್ಯಾರ್ನ ಕೇಳ್ಬೇಕು? ಹಸ ಇಡ್ಕಳಲಾ ಮೋಹ್ನಾ!" ಹಿಂದಿನ ದಿನದವರೆಗೂ 'ಸಾರ್' ಆಗಿದ್ದ ನನ್ನ ಗಂಡನಿಗೆ ಅಂದಿನಿಂದ 'ಲಾ' ಖಾಯಂ ಆಯಿತು. ಹಸು ತಲೆಯೆತ್ತಿಕೊಂಡು ಸಂದಿಯಿಂದ ನಮ್ಮ ಮನೆಗೆ ಬಂತು, ಹಾಲು ಎರಡನೇ ಸಲ ಉಕ್ಕಿತು.

ಅತ್ತೆ, "ಗುರುತಿಲ್ಲದ ಊರು, ಪೂಜೆ ಮುಗಿಸಿಕೊಂಡು ಹೊರಟುಬಿಡ್ತೀನಿ" ಎಂದೇ ಬಂದವರು. ಇನ್ನೂ ಹೊರಟಿಲ್ಲ. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಅವರು ಸಂದಿಯಿಂದ ಆಚೆ, ಪಿಳ್ಳಮ್ಮನವರು ಈಚೆ. ಹಾಲುಕ್ಕಿಸಿದ ಹಕ್ಕಿನಿಂದ ಎರಡು ಅಡುಗೆಮನೆಗಳೂ ತಮ್ಮವೇ ಎಂದು ಅತ್ತೆಯ ವಾದ. ಸಂಜೆ ನಾನು ಬಂದಾಗ ನಮ್ಮ ಸಾರು ಅಲ್ಲಿರುತ್ತದೆ, ಅವರ ಮುದ್ದೆ ಇಲ್ಲಿರುತ್ತದೆ. ಇಷ್ಟು ವರ್ಷ ಹೊಸೂರಿನಲ್ಲಿ ವಾಸವಿದ್ದೆ, ಈಗ ಇಲ್ಲಿಯವಳಾಗಿದ್ದೇನೆ. ನನಗೆ ಇದು ಬಹಳ ಇಷ್ಟವಾಗಿದೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ನೋಟಿಸ್ ಅಂಟಿಸಲು ಬಂದ ತಮ್ಮ ಸಿಬ್ಬಂದಿ ಹಳ್ಳದ ದಂಡೆಯಲ್ಲಿ ನಿಂತು ಎರಡು ಸಲ ಲೆಕ್ಕ ಹಾಕಿ, ಹಾರುವ ಆಸೆ ಬಿಟ್ಟು, ಪಿಳ್ಳಮ್ಮನವರ ಅಂಗಳದಿಂದ ಅದೇ ಸಂದಿಯಲ್ಲಿ ಬಂದರು. ಅತ್ತೆ ಕೊಟ್ಟ ಮಜ್ಜಿಗೆ ಕುಡಿದು, ಸಂದಿ ಮುಚ್ಚಬೇಕೆಂಬ ನೋಟಿಸನ್ನು ಅಂಟಿಸಿ, ಅದೇ ಸಂದಿಯಲ್ಲಿ ಹಿಂತಿರುಗಿದರು. ಅದರಲ್ಲಿ ಬರೆದಿದ್ದನ್ನು ನಾನು ಬಲ್ಲವರಿಂದ ಓದಿಸಿ ಹೇಳಿದಾಗ ಅತ್ತೆ ಒಂದೇ ಮಾತು ಹೇಳಿದರು: "ಉಷಾ, ಗೋಡೆ ಮುಚ್ಚೋ ದಿನ ಅಟ್ಟದ ಮೇಲಿರೋ ನನ್ನ ಬ್ಯಾಗು ಇಳಿಸಿಕೊಡು."

ಆ ಬ್ಯಾಗು ಅಟ್ಟದಲ್ಲೇ ಇರಬೇಕು, ಸ್ವಾಮಿ. ಅದಕ್ಕಾಗಿ ಈ ಪತ್ರ. ಮುಚ್ಚಲು ಅಷ್ಟು ಉತ್ಸಾಹವಿದ್ದರೆ ಹಳ್ಳ ಮುಚ್ಚಿಸಿ. ಮುಚ್ಚಿಸಿದ ಮೇಲೂ ಸಂದಿ ಇರಲಿ, ನಕ್ಷೆಯಲ್ಲಿ ಇಲ್ಲವೆಂದರೆ ಸೇರಿಸಿಕೊಳ್ಳಿ. ಇಲ್ಲ, ಗೋಡೆಯನ್ನೇ ಕಟ್ಟಿಸುತ್ತೇವೆ ಎನ್ನುವುದಾದರೆ, ಕಟ್ಟುವವನು ಯಾವ ಕಡೆ ನಿಂತು ಕಟ್ಟಬೇಕೆಂದು ಮೊದಲೇ ತೀರ್ಮಾನಿಸಿ ಕಳಿಸಿ. ನಮ್ಮ ಕಡೆ ನಿಂತರೆ ಅವನು ಮನೆಗೆ ಹೋಗುವ ಹಾಗಿಲ್ಲ, ಇಲ್ಲೇ ಉಳಿಯಬೇಕಾಗುತ್ತದೆ. ಊಟಕ್ಕೇನೂ ತೊಂದರೆಯಿಲ್ಲ, ಅತ್ತೆ ಇರುವವರೆಗೆ.

ಇಂತಿ,
ತಮ್ಮ ಹಳ್ಳದ ಆಚೆ ದಡದ ನಿವಾಸಿ,
ಉಷಾರಾಣಿ
ಪರಿಶೀಲನೆಗೆ ಬರುವ ದಾರಿ: ಪಿಳ್ಳಮ್ಮನವರ ಅಂಗಳ